ಕಟ್ಟಿದವರೂ ಕಾಪಾಡಿದವರೂ

ಮನುಷ್ಯನ ಬಾಳು ಯಾವಾಗ ಸಫಲವಾಯಿತೆನ್ನಬೇಕು ಎಂಬ ಪ್ರಶ್ನೆಗೆ ಶಾಸ್ತ್ರಕಾರರು ಒಂದು ಬಗೆಯಾಗಿಯೂ ಕವಿಗಳು ಮತ್ತೊಂದು ಬಗೆಯಾಗಿಯೂ ಉತ್ತರವಿತ್ತಿರುವರು. ಆದರೆ ಶಾಸ್ತ್ರವನ್ನು ಓದದೆ, ಕಾವ್ಯವನ್ನು ಕಿವಿಯಿಂದ ಮಾತ್ರ ಬಲ್ಲ ಸಾಮಾನ್ಯ ಜನರು ಒಂದು ನಾಡಿನಲ್ಲಿ ತಲೆಮಾರುಗಳ ಕಾಲ ಯಾವುದನ್ನು ಸಾರ್ಥಕವಾದ ಬಾಳೆಂದು ಮನಗಂಡಿದ್ದರು ಎಂಬುದನ್ನು ಅರಿಯಬೇಕಾದರೆ, ಅವರು ಏನನ್ನು ಹೇಳಿದರೆಂದು ಕೇಳುವುದಕ್ಕಿಂತ ಏನನ್ನು ಕಟ್ಟಿದರು, ಕಟ್ಟಿದುದನ್ನು ಹೇಗೆ ಉಳಿಸಿಕೊಂಡರು ಎಂದು ನೋಡುವುದೇ ಹೆಚ್ಚು ನಂಬಲರ್ಹವಾದ ಮಾರ್ಗ. ಕನ್ನಡ ನಾಡಿನ ಮಟ್ಟಿಗೆ ಆ ಉತ್ತರವು ನಮ್ಮ ಕೆರೆಗಳಲ್ಲಿಯೂ, ಅವುಗಳ ಏರಿಯ ಮೇಲೆ, ತೂಬಿನ ಬಳಿಯಲ್ಲಿ, ಸಮೀಪದ ದೇವಾಲಯದ ಅಂಗಳದಲ್ಲಿ ನಿಂತಿರುವ ಶಾಸನಶಿಲೆಗಳಲ್ಲಿಯೂ ದೊರೆಯುತ್ತದೆ.

ಈ ನಾಡಿಗೆ ಕೆರೆಯು ಅಲಂಕಾರವಾಗಿರಲಿಲ್ಲ, ಅದು ಜೀವಾಧಾರವಾಗಿತ್ತು. ಸಹ್ಯಾದ್ರಿಯ ಮೂಡಣ ಮಗ್ಗುಲಿನ ಬಯಲುಸೀಮೆಗೆ ಮಳೆ ಬರುವುದು ವರ್ಷದಲ್ಲಿ ಕೆಲವೇ ತಿಂಗಳು. ಬಂದ ಮಳೆಯೂ ಇಳಿಜಾರಾದ ನೆಲದ ಮೇಲೆ ಬಿದ್ದು ಹರಿದುಹೋಗುವಂಥದು. ಕೋಲಾರ, ತುಮಕೂರು, ಚಿತ್ರದುರ್ಗಗಳಂಥ ಪ್ರದೇಶಗಳಲ್ಲಿ ವರ್ಷವೆಲ್ಲ ತುಂಬಿ ಹರಿಯುವ ಹೊಳೆಯೆಂಬುದೇ ಅಪರೂಪ. ಬಿದ್ದ ನೀರನ್ನು ಕಣಿವೆಯ ಬಾಯಲ್ಲಿ ತಡೆದು ನಿಲ್ಲಿಸಿದರೆ ಬತ್ತ, ಕಬ್ಬು, ಅಡಕೆ, ವೀಳ್ಯ. ನಿಲ್ಲಿಸದಿದ್ದರೆ ಒಣಬೇಸಾಯ, ಮಳೆ ಕೈಕೊಟ್ಟ ವರ್ಷ ಗುಳೆ. ಇಂಥ ನೆಲದಲ್ಲಿ ನೀರನ್ನು ನಿಲ್ಲಿಸಿದವನೇ ದೊಡ್ಡವನೆನಿಸಿಕೊಂಡುದು ಸಹಜವಾಗಿಯೇ ಇದೆ.

ನಮ್ಮ ಚರಿತ್ರೆಯ ಮೊದಲ ಪುಟಗಳೇ ಇದಕ್ಕೆ ಸಾಕ್ಷಿ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಹೆಸರನ್ನು ಹೊತ್ತ ಪುಟ್ಟದೊಂದು ಪ್ರಾಕೃತ ಶಾಸನವಿದೆ. ಅವನು ಗೆದ್ದ ಅರಸುಮನೆತನಗಳ ಪಟ್ಟಿಯನ್ನು ಅದು ಕೊಡುವುದಾದರೂ, ಅದನ್ನು ಬರೆಸಿದುದು ಗೆಲವುಗಳಿಗಾಗಿ ಅಲ್ಲ, ಕೆರೆಗಾಗಿ. ಶಿವಮೊಗ್ಗ ಸೀಮೆಯ ತಾಳಗುಂದದ ಸ್ತಂಭಶಾಸನವು ಇನ್ನೂ ವಿಶದವಾದುದು. ಕುಬ್ಜನೆಂಬ ಕವಿ ರಚಿಸಿದ ಆ ಸಂಸ್ಕೃತ ಕಾವ್ಯಖಂಡವು, ಮಯೂರಶರ್ಮನು ವಿದ್ಯಾರ್ಥಿಯಾಗಿ ಕಾಂಚಿಗೆ ಹೋದುದು, ಅಲ್ಲಿ ಪಲ್ಲವರಿಂದ ಅಪಮಾನಗೊಂಡುದು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದುದು, ಅವನ ವಂಶಜರು ದೊಡ್ಡ ದೊಡ್ಡ ರಾಜಕುಲಗಳೊಡನೆ ಸಂಬಂಧ ಬೆಳೆಸಿದುದು ಎಲ್ಲವನ್ನೂ ಹೇಳಿ, ಕೊನೆಗೆ ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಒಂದು ಮಹಾತಟಾಕವನ್ನು ತೋಡಿಸಿದನೆಂಬಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಮೊದಲ ರಾಜವಂಶದ ಇತಿಹಾಸವು ನಮಗೆ ದೊರೆತಿರುವುದೇ ಒಂದು ಕೆರೆಗೆ ಬರೆದ ಪೀಠಿಕೆಯ ರೂಪದಲ್ಲಿ. ಐದನೆಯ ಶತಮಾನದ ಕವಿಗೆ ಒಂದು ವಂಶದ ಪರಾಕ್ರಮವೆಲ್ಲ ಯಾವುದರಲ್ಲಿ ಫಲಿಸಬೇಕೆಂಬುದರ ಬಗೆಗೆ ಸಂದೇಹವಿರಲಿಲ್ಲ.

ಈ ಭಾವನೆಯು ಕಾಲಕ್ರಮದಲ್ಲಿ ಸಪ್ತಸಂತಾನವೆಂಬ ಕಲ್ಪನೆಯಾಗಿ ರೂಪುಗೊಂಡಿತು. ಮನುಷ್ಯನು ತನ್ನ ಹಿಂದೆ ಬಿಟ್ಟುಹೋಗಬಹುದಾದ ಸಂತಾನಗಳು ಏಳು: ಮಗ, ನಿಧಿ, ದೇವಾಲಯ, ಉದ್ಯಾನ, ಅಗ್ರಹಾರ, ಕಾವ್ಯ, ಕೆರೆ. ಪುತ್ರನಿಲ್ಲದವನಿಗೆ ಗತಿಯಿಲ್ಲವೆಂದು ನಂಬಿದ ಸಮಾಜವೇ, ಮಗನನ್ನು ಏಳರಲ್ಲಿ ಒಂದಾಗಿ ಮಾತ್ರ ಎಣಿಸಿ, ಹೊಟ್ಟೆಯಲ್ಲಿ ಹುಟ್ಟಿದುದಕ್ಕೂ ಕೈಯಿಂದ ಹುಟ್ಟಿದುದಕ್ಕೂ ಒಂದೇ ಪಂಕ್ತಿಯಲ್ಲಿ ಎಡೆಯಿತ್ತಿತೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಅದರಲ್ಲಿಯೂ ಮಗನಿಂದ ಉಳಿಯುವುದು ಒಂದು ಮನೆ. ಕೆರೆಯಿಂದ ಉಳಿಯುವುದು ಒಂದು ಊರು. ಬಂಜೆಯೆಂದು ಜರೆಯಲ್ಪಟ್ಟವಳೂ, ಮಕ್ಕಳನ್ನು ಕಳೆದುಕೊಂಡ ವೃದ್ಧನೂ, ವಂಶ ನಿಂತುಹೋದ ಮನೆಯವರೂ ಒಂದು ಬಾವಿಯನ್ನೋ ಕಟ್ಟೆಯನ್ನೋ ಕಟ್ಟಿಸಿ ಕೃತಾರ್ಥರಾಗಲು ಈ ಕಲ್ಪನೆಯು ದಾರಿಮಾಡಿಕೊಟ್ಟಿತು.

ವಿಜಯನಗರದ ಒಂದನೆಯ ದೇವರಾಯನ ಕಾಲದ, ಲಕ್ಷ್ಮೀಧರನೆಂಬ ಅಮಾತ್ಯನಿಗೆ ಸಂಬಂಧಿಸಿದ ಹಂಪೆಯ ಶಾಸನವೊಂದು ಕನ್ನಡಿಗರಿಗೆಲ್ಲ ಪರಿಚಿತವಾದುದು. ಅವನ ತಾಯಿ ಮಗುವಿಗೆ ಹಾಲೂಡಿಸುತ್ತ ಕಿವಿಯಲ್ಲಿ ಹೇಳಿದಳೆಂದು ಆ ಶಾಸನವು ನಿರೂಪಿಸುವ ಉಪದೇಶದಲ್ಲಿ ಕೆರೆಯಿದೆ, ಬಾವಿಯಿದೆ, ದೇವಾಲಯವಿದೆ, ಸೆರೆಯಲ್ಲಿ ಸಿಲುಕಿದ ಅನಾಥರನ್ನು ಬಿಡಿಸುವ ಮಾತಿದೆ, ಸ್ನೇಹಿತರಿಗೂ ನಂಬಿದವರಿಗೂ ಸಜ್ಜನರಿಗೂ ಆಸರೆಯಾಗಬೇಕೆಂಬ ಅಪ್ಪಣೆಯಿದೆ. ನೀನು ಮಂತ್ರಿಯಾಗು, ಐಶ್ವರ್ಯವಂತನಾಗು, ನಾಲ್ವರ ಮುಂದೆ ತಲೆಯೆತ್ತಿ ನಡೆ ಎಂದು ಆ ತಾಯಿ ಹೇಳಲಿಲ್ಲ. ಮಗನು ಅಮಾತ್ಯಪದವಿಗೆ ಏರಿದನು, ನಿಜ. ಆದರೆ ಪದವಿಯೆಂಬುದು ಆಕೆಯ ಮಾತನ್ನು ನಡೆಸಲು ಒದಗಿದ ಸಾಧನವೆಂದೇ ಆ ಶಾಸನವು ಭಾವಿಸಿದೆ. ಇಂದು ನಾವು ಯಾವುದನ್ನು ಸಾಫಲ್ಯವೆನ್ನುತ್ತೇವೆಯೋ ಅದು ಅವರಿಗೆ ಕಾರ್ಯದ ಆರಂಭವಾಗಿತ್ತು.

ಕೆರೆ ಕಟ್ಟಿಸುವುದೆಂದರೆ ಹಣ ಚೆಲ್ಲಿದರೆ ಸಾಲದು, ಅದೊಂದು ವಿದ್ಯೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನದಲ್ಲಿ ಆ ವಿದ್ಯೆಯ ಸಾರಸಂಗ್ರಹವೇ ಇದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳೆಂದು ಅದು ಎಣಿಸುತ್ತದೆ: ಧರ್ಮಬುದ್ಧಿಯುಳ್ಳ ಪ್ರಭು, ಜಲಶಾಸ್ತ್ರವನ್ನು ಬಲ್ಲ ಪಂಡಿತ, ಗಟ್ಟಿಯಾದ ಜೇಡಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಒತ್ತಿಗೆ ನಿಂತ ಬೆಟ್ಟ, ಅತಿಯಾದ ಉದ್ದವಿಲ್ಲದೆ ದೃಢವಾಗಿರುವ ಕಲ್ಲಿನ ಏರಿ, ವಿಸ್ತಾರವೂ ಆಳವೂ ಆದ ಒಡಲು, ನೀಳವಾದ ಕಲ್ಲು ದೊರೆಯುವ ಗಣಿ, ಮಟ್ಟಸವಾದ ಫಲವತ್ತಾದ ಹೊಲಗದ್ದೆ, ಕೆಲಸದಲ್ಲಿ ನುರಿತ ಆಳುಗಳು ಮುಂತಾಗಿ. ಏರಿಯಲ್ಲಿ ನೀರು ಜಿನುಗುವುದು, ಉಪ್ಪುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಒಡಲಿನ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಅಚ್ಚುಕಟ್ಟು ಹಿರಿದಾಗಿರುವುದು, ನೀರು ಹೆಚ್ಚಾಗಿ ನೆಲ ಕಿರಿದಾಗಿರುವುದು, ಇವು ಆರು ದೋಷಗಳು. ದಿನಕ್ಕೆ 1000 ಆಳುಗಳೂ, ಕಲ್ಲು ಸಾಗಿಸಲು 100 ಬಂಡಿಗಳೂ ದುಡಿದು 2 ವರ್ಷಗಳಲ್ಲಿ ಕೆಲಸ ಪೂರೈಸಿತೆಂದು ಆ ಶಾಸನವು ಲೆಕ್ಕ ಕೊಡುತ್ತದೆ. ಹನ್ನೆರಡು ಅಂಗಗಳಲ್ಲಿ ಪ್ರಭುವು ಒಬ್ಬನು ಮಾತ್ರ. ನುರಿತ ಆಳೂ ಒಂದು ಅಂಗವೇ, ಮಣ್ಣೂ ಒಂದು ಅಂಗವೇ. ಯಾವನ ಸಾಧನೆಯೂ ಅವನೊಬ್ಬನದಲ್ಲವೆಂಬ ತಿಳಿವಳಿಕೆ ಆ ಪಟ್ಟಿಯಲ್ಲಿಯೇ ಅಡಗಿದೆ.

ಕಟ್ಟುವುದು 2 ವರ್ಷದ ಕೆಲಸ. ಕಾಪಾಡುವುದಾದರೋ ಎಂದೆಂದಿಗೂ ಮುಗಿಯದ ಕೆಲಸ. ಪ್ರತಿ ಮಳೆಗಾಲದಲ್ಲಿಯೂ ನೀರಿನೊಡನೆ ಹೂಳು ಬಂದು ಒಡಲಿನಲ್ಲಿ ತಂಗುತ್ತದೆ, ಏರಿಯಲ್ಲಿ ಇಲಿ ಹೆಗ್ಗಣಗಳು ಬಿಲ ತೋಡುತ್ತವೆ, ತೂಬಿನ ಕಲ್ಲು ಸಡಿಲುತ್ತದೆ, ಕೋಡಿ ಕೊರೆದುಹೋಗುತ್ತದೆ. ಇದನ್ನೆಲ್ಲ ಬಲ್ಲ ಹಿಂದಿನವರು ಕೆರೆಯೊಡನೆಯೇ ಅದರ ಪಾಲನೆಗೂ ಏರ್ಪಾಡು ಮಾಡುತ್ತಿದ್ದರು. ಕೆರೆಯನ್ನು ಕಟ್ಟಿಸಿದವನಿಗೂ ದುರಸ್ತಿ ಮಾಡಿಸಿದವನಿಗೂ ಹತ್ತರಲ್ಲೊಂದು ಪಾಲಿನ ದಶವಂದ, ಕೆರೆಯ ಕೆಳಗಿನ ಗದ್ದೆಯಲ್ಲಿ ಬಿಟ್ಟ ಬಿತ್ತುವಟ, ಕಟ್ಟುಕೊಡಗೆ, ಹೂಳು ಸಾಗಿಸುವ ಬಂಡಿಗೂ ಕೋಣಗಳಿಗೂ ಅವನ್ನು ಹೊಡೆಯುವವನಿಗೂ ಬಿಟ್ಟ ಭೂಮಿ, ಇವುಗಳ ಉಲ್ಲೇಖ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಊರಿನ ಆಯಗಾರರಲ್ಲಿ ಗೌಡ, ಶಾನುಭೋಗ, ತಳವಾರ, ಕಮ್ಮಾರ, ಬಡಗಿಯರ ಸಾಲಿನಲ್ಲಿ ಕೆರೆಯ ನೀರು ಹಂಚುವ ನೀರಗಂಟಿಯೂ ಒಬ್ಬನಾಗಿದ್ದನು. ಸುಗ್ಗಿಯಲ್ಲಿ ಕಣದಲ್ಲಿಯೇ ಅವನ ಆಯವನ್ನು ಅಳೆದುಕೊಡುತ್ತಿದ್ದರು. ಬೇಸಗೆಯಲ್ಲಿ ರೈತರು ಹೂಳನ್ನು ತೋಡಿ ತಮ್ಮ ಹೊಲಗಳಿಗೆ ಗೊಬ್ಬರವಾಗಿ ಹೊಡೆದುಕೊಳ್ಳುತ್ತಿದ್ದುದರಿಂದ, ಕೆರೆಗೆ ಆಳವೂ ಹೊಲಕ್ಕೆ ಸಾರವೂ ಒಂದೇ ಕೆಲಸದಿಂದ ಒದಗುತ್ತಿದ್ದವು.

ಈ ವ್ಯವಸ್ಥೆಯ ಹಿಂದೆ ಇದ್ದ ಧರ್ಮದೃಷ್ಟಿಯೇ ನನ್ನ ಮಟ್ಟಿಗೆ ಇಡೀ ವಿಷಯದ ಹೃದಯ. ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳು ಒಂದು ಮಾತನ್ನು ಬಿಡದೆ ಸಾರುತ್ತವೆ: ದಾನ ಮತ್ತು ಪಾಲನೆಗಳೆರಡರಲ್ಲಿ ಪಾಲನೆಯೇ ಮೇಲು, ತಾನು ಕೊಟ್ಟುದಕ್ಕಿಂತ ಪರರು ಕೊಟ್ಟುದನ್ನು ಕಾಪಾಡುವುದು ಇಮ್ಮಡಿ ಪುಣ್ಯ. ಈ ಮಾತನ್ನು ನಾವು ರೂಢಿಯ ಮಾತೆಂದು ಹಾರಿಸಿ ಓದುತ್ತೇವೆ. ಆದರೆ ಅದು ಹೇಳುತ್ತಿರುವುದು ಎಷ್ಟು ಕಠಿನವಾದ ಸತ್ಯವನ್ನು! ಹೊಸದನ್ನು ಕಟ್ಟಿದವನಿಗೆ ಕೀರ್ತಿಯ ಆಸೆಯಿರುತ್ತದೆ, ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಇನ್ನೊಬ್ಬನ ಹೆಸರಿರುವ ಕೆರೆಯ ಹೂಳನ್ನು ತೆಗೆಸುವವನಿಗೆ ಆ ಆಸೆಗೂ ಎಡೆಯಿಲ್ಲ. ಆದುದರಿಂದಲೇ ಅವನ ಫಲ ಇಮ್ಮಡಿ. ಕೋಲಾರ ಸೀಮೆಯ ಬೇತಮಂಗಲದ ಕೆರೆಯು ಬಾಣರ ಕಾಲದಷ್ಟು ಹಳೆಯದು. ಅದು ಒಡೆದಾಗ ನೊಳಂಬರ ಕಾಲದಲ್ಲಿ ಮತ್ತೆ ಕಟ್ಟಲ್ಪಟ್ಟಿತು, ಪುನಃ ಒಡೆದಾಗ ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತು. ರಾಜವಂಶಗಳು ಒಂದನ್ನೊಂದು ಅಳಿಸಿದವು. ಕೆರೆಯನ್ನು ಮಾತ್ರ ಒಂದರಿಂದೊಂದು ವಹಿಸಿಕೊಂಡವು. ಗುಜರಾತಿನ ಗಿರಿನಾರದ ಸುದರ್ಶನ ತಟಾಕದ ಕಥೆಯೂ ಇಂಥದೇ: ಚಂದ್ರಗುಪ್ತ ಮೌರ್ಯನ ಅಧಿಕಾರಿ ಕಟ್ಟಿಸಿದುದನ್ನು ಅಶೋಕನ ಅಧಿಕಾರಿ ಕಾಲುವೆಗಳಿಂದ ಪೂರ್ಣಗೊಳಿಸಿದನು; ಕ್ರಿ. ಶ. 150ರ ಸುಮಾರಿಗೆ ಬಿರುಮಳೆಯಲ್ಲಿ ಒಡೆದುದನ್ನು ಶಕಕ್ಷತ್ರಪನಾದ ರುದ್ರದಾಮನನು ಕಟ್ಟಿಸಿದನು. ಮತ್ತೆ ಒಡೆದುದನ್ನು ಐದನೆಯ ಶತಮಾನದಲ್ಲಿ ಸ್ಕಂದಗುಪ್ತನ ಕಾಲದ ಚಕ್ರಪಾಲಿತನು ಸರಿಪಡಿಸಿದನು. ಎಂಟು ಶತಮಾನಗಳ ಆ ಕಥೆಯಲ್ಲಿ ಮೊದಲಿಗನಿಗಿಂತ ಕೊನೆಯವನು ಕಡಮೆಯೆಂದು ಹೇಳಲು ಯಾವ ನ್ಯಾಯವೂ ಇಲ್ಲ.

ಹೀಗೆಂದ ಮಾತ್ರಕ್ಕೆ ಕೆರೆ ಕಟ್ಟಿದವರೆಲ್ಲರ ಬಾಳೂ ನಿಷ್ಕಳಂಕವಾಗಿತ್ತೆಂದು ಭಾವಿಸಲಾಗದು. ಕೃಷ್ಣದೇವರಾಯನು ಇಂದಿನ ಹೊಸಪೇಟೆಯ ಬಳಿ, ಎರಡು ಬೆಟ್ಟಗಳ ನಡುವೆ ಪೋರ್ಚುಗೀಸ್ ಶಿಲ್ಪಿಯೊಬ್ಬನ ನೆರವಿನಿಂದ ಕಟ್ಟಿಸಿದ ಮಹಾತಟಾಕವನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು, ಅಲ್ಲಿ 15,000ದಿಂದ 20,000 ಜನ ದುಡಿಯುತ್ತಿದ್ದರೆಂದು ಬರೆದಿರುವನು. ಕೆರೆಯು ಎರಡು ಮೂರು ಬಾರಿ ಒಡೆಯಿತು. ದೇವತೆಯು ರಕ್ತವನ್ನು ಬೇಡುತ್ತಿದೆಯೆಂದು ಹೇಳಲಾಗಿ, ದೇವಾಲಯದ ಬಾಗಿಲಲ್ಲಿ 60 ಮಂದಿಯ ತಲೆಗಳನ್ನೂ ಕುದುರೆ ಕೋಣಗಳನ್ನೂ ಕಡಿಸಲಾಯಿತೆಂದು ಅದೇ ಪ್ರವಾಸಿಯ ಬರಹದಿಂದ ತಿಳಿಯುತ್ತದೆ. ಸತ್ತವರು ಮರಣಕ್ಕೆ ಅರ್ಹರಾದ ಸೆರೆಯಾಳುಗಳೆಂದು ಅನಂತರ ಬಂದ ಇನ್ನೊಬ್ಬ ಪೋರ್ಚುಗೀಸನಾದ ನೂನಿಜನು ಬರೆದನು. ಆ ನೀರಿನ ಕೆಳಗಿನ ನೆಲವನ್ನು ಅರಸನು ರೈತರಿಗೆ 9 ವರ್ಷ ತೆರಿಗೆಯಿಲ್ಲದೆ ಬಿಟ್ಟುಕೊಟ್ಟನೆಂದೂ ನೂನಿಜನೇ ಹೇಳುವನು. ಔದಾರ್ಯವೂ ಕ್ರೌರ್ಯವೂ ಒಂದೇ ಏರಿಯಲ್ಲಿ ಬೆರೆತಿವೆ. ರಾಯರ ಕೆರೆಯೆನಿಸಿದ ಆ ತಟಾಕವು ಇಂದು ಬತ್ತಿದೆ. ಅದರಷ್ಟು ಪ್ರಸಿದ್ಧಿಯಿಲ್ಲದ ಕಮಲಾಪುರದ ಕೆರೆಯು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ.

ರಾಜರ ಚರಿತ್ರೆಯಲ್ಲಿ ಸಂಖ್ಯೆಯಾಗಿ ಉಳಿದ ಈ ವೇದನೆಗೆ ಜನಪದವು ಹೆಸರನ್ನೂ ಕಣ್ಣೀರನ್ನೂ ಕೊಟ್ಟಿತು. ಕೆರೆಗೆ ಹಾರ ಎಂಬ ಕಥನಗೀತದಲ್ಲಿ ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ಹನಿ ನೀರೂ ಬಾರದಿರಲು, ಹಿರಿಯರು ಕೂಡಿ ಕಿರಿಯ ಸೊಸೆಯಾದ ಭಾಗೀರಥಿಯನ್ನು ಬಲಿಗೊಡುತ್ತಾರೆ. ದಂಡಿನಿಂದ ಮರಳಿದ ಗಂಡ ಮಾದೇವರಾಯನು ಅದೇ ನೀರಿಗೆ ಹಾರಿ ಪ್ರಾಣ ಬಿಡುತ್ತಾನೆ. ಕೆರೆಯ ಪುಣ್ಯವನ್ನು ಶಾಸನಗಳು ಹಾಡಿದವು; ಅದರ ಬೆಲೆಯನ್ನು ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿದರು. ಹಿರಿಯರ ಕೀರ್ತಿಗಾಗಿ, ಮನೆಯಲ್ಲಿ ಮಾತನಾಡುವ ಅಧಿಕಾರವಿಲ್ಲದ ಕಿರಿಯಳನ್ನು ತೆತ್ತ ಆ ಕಥೆಯು, ಲೋಕೋಪಕಾರದ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನು ನಮ್ಮ ಜನ ಕಂಡಿದ್ದರೆಂಬುದಕ್ಕೂ, ಕಂಡು ಮರೆಯಲಿಲ್ಲವೆಂಬುದಕ್ಕೂ ನಿದರ್ಶನ. ಪರರ ಬಾಳನ್ನು ಅಡಿಗಲ್ಲಾಗಿಟ್ಟು ಕಟ್ಟಿದುದು ಎಷ್ಟೇ ಎತ್ತರವಾಗಿರಲಿ, ಅದನ್ನು ಸಾಫಲ್ಯವೆಂದು ಒಪ್ಪಲು ಆ ಹಾಡು ಬಿಡುವುದಿಲ್ಲ.

ಇನ್ನೊಂದು ನ್ಯೂನತೆಯನ್ನೂ ಹೇಳಬೇಕು. ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ, ಕಟ್ಟಿದವರ ಹೆಸರಿಲ್ಲ. ಮಣ್ಣು ಅಗೆದು, ಬುಟ್ಟಿಯಲ್ಲಿ ಹೊತ್ತು, ಪದರ ಪದರವಾಗಿ ಸುರಿದು ತುಳಿದು ಏರಿಯನ್ನೆಬ್ಬಿಸಿದ ಒಡ್ಡರು ಒಂದು ಕೆರೆ ಮುಗಿದೊಡನೆ ಗುಡಿಸಲು ಕಿತ್ತು ಮತ್ತೊಂದು ಕೆರೆಗೆ ನಡೆದರು. ತಾವು ಕಟ್ಟಿದ ಕೆರೆಯ ಅಚ್ಚುಕಟ್ಟಿನಲ್ಲಿ ಅವರಿಗೆ ಅಂಗುಲ ಗದ್ದೆಯೂ ಇರಲಿಲ್ಲ. ನಡುರಾತ್ರಿಯ ಮಳೆಯಲ್ಲಿ ಏರಿಯ ಮೇಲೆ ನಡೆದು ಜಿನುಗನ್ನು ಪತ್ತೆಮಾಡುತ್ತಿದ್ದ, ಬರಗಾಲದಲ್ಲಿ ಬಡವನ ಮಡಿಗೂ ಬಲ್ಲಿದನ ಮಡಿಗೂ ಸರದಿಯ ಪ್ರಕಾರ ನೀರು ತಿರುಗಿಸುತ್ತಿದ್ದ ನೀರಗಂಟಿಯು ಬಹುಕಡೆಗಳಲ್ಲಿ ಊರಾಚೆಯ ಕೇರಿಯವನು. ಯಾರ ಪೈರಿಗೆ ಅವನು ನೀರು ಹಾಯಿಸಿದನೋ ಅವರ ಮನೆಯ ಬಾವಿಯಿಂದ ಅವನು ನೀರು ಸೇದುವಂತಿರಲಿಲ್ಲ. ಶಾಸನಗಳು ಪಾಲನೆಯೇ ದಾನಕ್ಕಿಂತ ಹಿರಿದೆಂದು ಸಾರಿದುವಷ್ಟೆ. ಆ ಮಾತು ನಿಜವಾದರೆ ಪೀಳಿಗೆ ಪೀಳಿಗೆಯಾಗಿ ಪಾಲಿಸಿದ ಈ ಜನಕ್ಕೆ ಪ್ರಭುವಿಗಿಂತ ಮೇಲಾದ ಸ್ಥಾನ ಸಲ್ಲಬೇಕು. ತಾನು ಹೇಳಿದ ಧರ್ಮದ ಅಳತೆಗೆ ತಾನೇ ಬಾರದೆಹೋದ ಸಮಾಜದ ಸಾಲವನ್ನು ತೀರಿಸುವ ಹೊಣೆ ನಮ್ಮ ಮೇಲಿದೆ.

ಕೆರೆಯ ಹೊಣೆಯು ಒಂದೇ ಊರಿನದೂ ಆಗಿರಲಿಲ್ಲ. ಬಯಲುಸೀಮೆಯ ಕೆರೆಗಳಲ್ಲಿ ಬಿಡಿಯಾಗಿ ನಿಂತವು ಕಡಮೆ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತದೆ. ಅದರ ಕೋಡಿಯಿಂದ ಅದರ ಕೆಳಗಿನದು. ಹೀಗೆ ಒಂದು ಕಣಿವೆಯ ಉದ್ದಕ್ಕೂ ಸರಪಣಿ. ಮೈಸೂರು ಸಂಸ್ಥಾನದಲ್ಲಿ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು 1860ರ ದಶಕದಲ್ಲಿ ಈ ವ್ಯವಸ್ಥೆಯನ್ನು ಪರಿಶೀಲಿಸಿ, ಸಂಸ್ಥಾನದ ಸುಮಾರು ನೂರಕ್ಕೆ 60 ಭಾಗವನ್ನು ಜನರು ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯಾಪ್ತಿಗೆ ತಂದಿರುವರೆಂದೂ, ಹೊಸ ಕೆರೆಗೆ ತಕ್ಕ ಸ್ಥಳವನ್ನು ಇನ್ನು ಹುಡುಕಬೇಕಾದರೆ ಜಾಣ್ಮೆಯೇ ಬೇಕೆಂದೂ ಬೆರಗಾಗಿ ಬರೆದರು. ಇಂಥ ಸರಪಣಿಯಲ್ಲಿ ಮೇಲಿನ ಊರಿನವನು ಕೋಡಿಯನ್ನು ಅತಿಯಾಗಿ ಎತ್ತರಿಸಿದರೆ ಕೆಳಗಿನವನಿಗೆ ನೀರಿಲ್ಲ. ಮೇಲಿನವನು ಏರಿಯನ್ನು ಅಲಕ್ಷಿಸಿದರೆ ಒಡೆದ ನೀರು ಕೆಳಗಿನ ಕೆರೆಗಳನ್ನೆಲ್ಲ ಒಡೆಯುತ್ತ ಸಾಗುತ್ತದೆ. ಒಬ್ಬನ ತುಂಬುವಿಕೆ ಇನ್ನೊಬ್ಬನ ತುಂಬುವಿಕೆಗೆ ಕಾರಣವಾಗುವಂತೆ ರಚಿತವಾದ ಈ ನಾಡಿನಲ್ಲಿ, ತಾನೊಬ್ಬನೇ ಮುಂದೆ ಬಂದೆನೆಂಬ ಹೆಮ್ಮೆಗೆ ನೆಲವೇ ಆಧಾರ ಕೊಡುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕೆರೆಗಳ ಹೊಣೆ ಕ್ರಮಕ್ರಮವಾಗಿ ಊರಿನ ಕೈಯಿಂದ ಸರ್ಕಾರದ ಇಲಾಖೆಗಳಿಗೆ ಸರಿಯಿತು. ಕೊಡಗೆ ಇನಾಮುಗಳು ಹೋದವು, ಕಣದ ಆಯ ನಿಂತಿತು, ಕೊಳವೆಬಾವಿ ಬಂದ ಮೇಲೆ ಪ್ರತಿಯೊಬ್ಬನಿಗೂ ತನ್ನ ಹೊಲದಲ್ಲಿಯೇ ನೀರೆಂಬ ಭ್ರಾಂತಿ ಬಂದಿತು. ರಾಜ್ಯದಲ್ಲಿ ಇಂದಿಗೂ 36,000ಕ್ಕೂ ಮಿಕ್ಕ ಕೆರೆಗಳು ಲೆಕ್ಕದಲ್ಲಿವೆ. ಅವುಗಳಲ್ಲಿ ಎಷ್ಟೋ ಹೂಳು ತುಂಬಿ, ಜಾಲಿ ಬೆಳೆದು, ಒತ್ತುವರಿಗೆ ಸಿಕ್ಕಿ ಹೆಸರಿಗೆ ಮಾತ್ರ ಉಳಿದಿವೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನ ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಅವನ ಹೆಸರಿನದೇ ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯ ಎಡೆಯಲ್ಲಿ ಕ್ರೀಡಾಂಗಣವಿದೆ. ಊರು ಬೆಳೆಯಿತೆಂಬುದು ನಿಜ. ಆ ಬೆಳವಣಿಗೆಯಲ್ಲಿ ಸಿರಿವಂತರಾದವರೂ ಅನೇಕರು. ಆದರೆ ಬೇಸಗೆ ಬಂದಾಗ ಅದೇ ಊರು ದೂರದ ಕಾವೇರಿಯ ಕಡೆ ನೋಡುತ್ತ ಕುಳಿತುಕೊಳ್ಳಬೇಕಾಗಿದೆ.

ನಾವು ಇಂದು ಒಬ್ಬನ ಸಾಫಲ್ಯವನ್ನು ಅವನು ಗಳಿಸಿದುದರಿಂದ, ಏರಿದ ಹುದ್ದೆಯಿಂದ, ಹೆಚ್ಚೆಂದರೆ ಹೊಸದಾಗಿ ಸ್ಥಾಪಿಸಿದುದರಿಂದ ಅಳೆಯುತ್ತೇವೆ. ಹಳೆಯ ಶಾಲೆಯ ಸೂರು ಸೋರದಂತೆ ನೋಡಿಕೊಂಡ ಮಾಸ್ತರರನ್ನೂ, ಯಾರೋ ಕೂಡಿಟ್ಟ ಗ್ರಂಥಭಂಡಾರವನ್ನು ಗೆದ್ದಲಿನಿಂದ ಉಳಿಸಿದವನನ್ನೂ, ಮುದಿ ತಂದೆತಾಯಿಗಳನ್ನು ಕೊನೆಯವರೆಗೆ ಸಲಹಿದವಳನ್ನೂ ನಾವು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೆರೆಗಳ ಚರಿತ್ರೆಯು ಈ ಎಣಿಕೆಯನ್ನು ತಪ್ಪೆಂದು ತೋರಿಸುತ್ತದೆ. ತನ್ನ ಕಾಲದ ಮುಂಚೆ ಹುಟ್ಟಿದ ಒಳಿತೊಂದನ್ನು ತನ್ನ ಕಾಲದ ಆಚೆಗೆ ದಾಟಿಸಿದವನ ಬಾಳು ಸಫಲ. ಹೊಸದಾಗಿ ಕಟ್ಟುವ ಶಕ್ತಿಯಿದ್ದು, ಯಾರನ್ನೂ ತುಳಿಯದೆ ಕಟ್ಟಿದವನದು ಅದಕ್ಕೆ ಸಮ. ಬಂದುದನ್ನು ಹಾಳುಗೆಡವಿ ತಾನು ಮಾತ್ರ ಬೆಳೆದವನದು, ಲೋಕ ಅವನನ್ನು ಎಷ್ಟೇ ಹೊಗಳಲಿ, ವಿಫಲವೇ. ಓದುಗರು ತಮ್ಮ ಊರಿನ ಕೆರೆಯ ಏರಿಯ ಮೇಲೆ ಒಮ್ಮೆ ನಡೆದು, ತೂಬು ಕೋಡಿಗಳು ಯಾವ ಸ್ಥಿತಿಯಲ್ಲಿವೆಯೆಂದು ನೋಡಿ, ಈ ಬೇಸಗೆಯಲ್ಲಿ ನಾಲ್ವರನ್ನು ಕೂಡಿಸಿಕೊಂಡು ಹೂಳೆತ್ತುವ ಕೆಲಸಕ್ಕೆ ತೊಡಗಲಿ. ಅದನ್ನು ಕಟ್ಟಿದವರ ಹೆಸರು ನಮಗೆ ತಿಳಿಯದಿರಬಹುದು, ನಮ್ಮ ಹೆಸರು ಮುಂದಿನವರಿಗೆ ತಿಳಿಯದೆ ಹೋಗಬಹುದು. ಅದರಿಂದ ಕೆಲಸದ ಬೆಲೆ ಕುಂದುವುದಿಲ್ಲ.